ತಾಯಿ ಕಾರ್ಡ್ ಇಲ್ಲದ ತಾಯಿ

(ಚಳ್ಳಕೆರೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಆಸ್ಪತ್ರೆಗೆ ಹೋದರೆ ನಮ್ಮ ಕೇರಿಯ ಜನ ಇವತ್ತಿಗೂ ಕೈ ಕಟ್ಟಿ ನಿಂತ್ಕೊಳ್ತಾರೆ. ನರ್ಸಮ್ಮ ಗದರಿದರೆ "ಆಯ್ತು ತಾಯಿ" ಅಂತಾರೆ. ಚಿಕಿತ್ಸೆ ಅನ್ನೋದು ಭಿಕ್ಷೆ ಅಂತ ನಮ್ಮನ್ನು ನಂಬಿಸಿಟ್ಟಿದ್ದಾರೆ.

ಪಕ್ಕದ ತುಮಕೂರಿನಲ್ಲಿ ನಡೆದದ್ದು ಕೇಳಿ. 2022ರ ನವೆಂಬರ್. ಅವಳಿ ಮಕ್ಕಳ ಬಸುರಿ, ದಿಕ್ಕಿಲ್ಲದ ತಮಿಳು ಹೆಂಗಸು. ನೋವು ಬಂದಾಗ ನೆರೆಹೊರೆಯ ಬಡವರೇ ದುಡ್ಡು ಕೂಡಿಸಿ ಆಟೋದಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದರು. ಅಲ್ಲಿ ತಾಯಿ ಕಾರ್ಡ್ ಎಲ್ಲಿ, ಆಧಾರ್ ಎಲ್ಲಿ ಅಂದರು. ಎರಡೂ ಇರಲಿಲ್ಲ. ಬೆಂಗಳೂರಿಗೆ ಹೋಗು ಅಂದರು. ಅದಕ್ಕೆ ದುಡ್ಡೆಲ್ಲಿ? ಮನೆಗೆ ವಾಪಸ್ ಬಂದಳು. ಮನೆಯಲ್ಲೇ ತಾಯಿಯೂ ಸತ್ತಳು, ಎರಡು ಕೂಸುಗಳೂ ಸತ್ತವು. ಒಬ್ಬ ವೈದ್ಯೆ, ಮೂವರು ನರ್ಸುಗಳು ಸಸ್ಪೆಂಡ್ ಆದರು.

ಆಗಬೇಕಾದ್ದೇ. ಆದರೆ ತಾಯಿ ಕಾರ್ಡ್ ಕೊಡಬೇಕಾದ್ದು ಸರ್ಕಾರ. ಅವಳ ಬಸುರು ಸರ್ಕಾರದ ಪುಸ್ತಕಕ್ಕೆ ಸೇರದೇ ಹೋದದ್ದು ಅವಳ ತಪ್ಪಾ? ಆ ಪುಸ್ತಕ ಬರೆಯದವರಿಗೆ ಹೊಣೆ ಇಲ್ಲವಾ?

ಇನ್ನು ಕಾನೂನಿನ ಮಾತು. 1992ರಲ್ಲಿ ಬಂಗಾಳದ ಕೂಲಿ ಸಂಘಟನೆಯ ಹಕೀಂ ಶೇಖ್ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸರ್ಕಾರಿ ಆಸ್ಪತ್ರೆಗಳು ಒಂದರ ಹಿಂದೆ ಒಂದು "ಬೆಡ್ ಇಲ್ಲ" ಅಂದವು. ಸಂಘಟನೆ ಸುಮ್ಮನಾಗಲಿಲ್ಲ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಅಂತ 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 25,000 ರೂಪಾಯಿ ಪರಿಹಾರವನ್ನೂ ಕೊಡಿಸಿತು.

ನಮಗೆ ಇನ್ನೊಂದು ಬಾಗಿಲೂ ಇದೆ. ನರ್ಸಿಂಗ್ ಅಂದರೆ ಮುಟ್ಟುವ ಕೆಲಸ. ನಾಡಿ ಹಿಡಿಯದೆ, ಗಾಯ ತೊಳೆಯದೆ ಶುಶ್ರೂಷೆ ಎಲ್ಲಿಂದ ಬಂತು? ಜಾತಿ ನೋಡಿ ಮೇಲಿಂದ ಮಾತ್ರೆ ಉದುರಿಸುವ ಕೈ ನರ್ಸಿನದಲ್ಲ, ಅದು ಅಗ್ರಹಾರದ ಕೈ. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಆಯಿತು. ಅದರ 5ನೇ ಸೆಕ್ಷನ್ ಓದಿಕೊಳ್ಳಿ. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸದಿರುವುದಷ್ಟೇ ಅಲ್ಲ, ಸೇರಿಸಿಕೊಂಡ ಮೇಲೆ ಭೇದ ಮಾಡುವುದೂ ಅಪರಾಧ. 2016ರಲ್ಲಿ ಜಾರಿಗೆ ಬಂದ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿಯಂತೂ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರನ್ನೇ ಹಿಡಿದು ಹೇಳುತ್ತೆ. ನಮ್ಮ ಕೇರಿಗೂ ಸೈ, ನಾಯಕರ ಹಟ್ಟಿಗೂ ಸೈ.

ತಂಗಿಯರೇ, ನಿಮ್ಮಲ್ಲಿ ಕೆಲವರು ನಾಳೆ ಬಿಳಿ ಬಟ್ಟೆ ಹಾಕಿ ವಾರ್ಡಿನಲ್ಲಿ ನಿಲ್ಲೋರು. ಶೇಂಗಾ ಬಿಡಿಸಿ ಸವೆದ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಳ್ಳುವ ಮುಂಚೆ ಅದರಲ್ಲಿ ಏನಿದೆ ಅಂತ ಅವ್ವನ ಮಾತಿನಲ್ಲೇ ಓದಿ ಹೇಳಿ. ದಿಲ್ಲಿಯಲ್ಲಿ ಒಬ್ಬಳನ್ನು ಬರೀ ಪರೀಕ್ಷೆಗೆ ಅಂತ ಮಲಗಿಸಿ, ಅವಳಿಗೆ ಪ್ರಜ್ಞೆ ಇಲ್ಲದಾಗ ಅವಳ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದರು. ಆ ಒಪ್ಪಿಗೆ ಸಲ್ಲದು ಅಂತ 2008ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.

ಹುಡುಗರಿಗೂ ಕೆಲಸ ಇದೆ. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೋ ಬಳ್ಳಾರಿಗೋ ಹೋಗಿ ಅಂದರೆ 108 ಕರೆಸಿ. ಗಾಡಿ ಬರೋದರೊಳಗೆ ಯಾಕೆ ಕಳಿಸ್ತಿದ್ದೀರಿ, ಇಲ್ಲಿ ಏನು ಔಷಧಿ ಕೊಟ್ಟಿರಿ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಹೊತ್ತು, ಸಹಿ ಇರಲಿ. ಬರೆದುಕೊಡಲ್ಲ ಅಂದರೆ ನಿಮ್ಮ ನೋಟ್ ಬುಕ್ಕಿನಲ್ಲೇ ಬರೆದು, ಕೂಡ ಬಂದ ಇಬ್ಬರ ಸಹಿ ಹಾಕಿಸಿ.