ಕ್ಷಮೆಗೆ ಒಬ್ಬರು ಸಾಕು, ಸಂಧಾನಕ್ಕೆ ಇಬ್ಬರು ಬೇಕು



ನ್ಯೂಟನ್ನನ ಮೂರನೆಯ ನಿಯಮವನ್ನು ನೀವೆಲ್ಲರೂ ಓದಿದ್ದೀರಿ. ಕ್ರಿಯೆ ಎಷ್ಟೋ ಪ್ರತಿಕ್ರಿಯೆಯೂ ಅಷ್ಟೇ. ಏಟಿಗೆ ಏಟು ಸಹಜವೆಂದು ವಾದಿಸುವವರು ಈ ನಿಯಮವನ್ನೇ ಸಾಕ್ಷಿಗೆ ಕರೆಯುವುದುಂಟು. ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನಾದ ನನಗೆ ಈ ವಾದ ಒಪ್ಪಿಗೆಯಾಗುವುದಿಲ್ಲ. ಭೌತಶಾಸ್ತ್ರದಲ್ಲಿ ಕ್ರಿಯೆ, ಪ್ರತಿಕ್ರಿಯೆಗಳು ಒಂದೇ ಕ್ಷಣದಲ್ಲಿ ನಡೆಯುತ್ತವೆ. ಅವುಗಳ ನಡುವೆ ಬಿಡುವಿಲ್ಲ. ಮನುಷ್ಯನಿಗಾದರೋ ಆ ಬಿಡುವು ಇದೆ. ಅದನ್ನು ಅವನು ಹೇಗೆ ಬಳಸುತ್ತಾನೆ ಎಂಬುದೇ ಇಂದಿನ ವಿಷಯ.

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ನಗರದಲ್ಲಿ ಇಮ್ಯಾನ್ಯುಯೆಲ್ ಎಂಬ ಹೆಸರಿನ ಚರ್ಚ್ ಇದೆ. ಕರಿಯ ಜನಾಂಗದವರು ತಾವೇ ಕಟ್ಟಿಕೊಂಡ ಪ್ರಾಚೀನ ಸಭೆಗಳಲ್ಲಿ ಇದೂ ಒಂದು. 1822ರಲ್ಲಿ ಗುಲಾಮರ ದಂಗೆಯ ಸಂಚು ಬಯಲಾದಾಗ ಈ ಸಭೆಯ ಡೆನ್ಮಾರ್ಕ್ ವೆಸಿ ಮತ್ತು ಇತರ ಅನೇಕರನ್ನು ಗಲ್ಲಿಗೇರಿಸಲಾಯಿತು. ಚರ್ಚ್ ಕಟ್ಟಡವನ್ನು ನಾಶಮಾಡಲಾಯಿತು. 1834ರಿಂದ ಕರಿಯರ ಚರ್ಚುಗಳಿಗೇ ನಿಷೇಧ ಬಂದಾಗ, ಅಂತರ್ಯುದ್ಧ ಮುಗಿಯುವ ತನಕ ಈ ಜನ ಗುಟ್ಟಾಗಿ ಸೇರಿ ಪ್ರಾರ್ಥಿಸಿದರು.

2015ರ ಜೂನ್ 17, ಬುಧವಾರ. ಸಂಜೆ ಬೈಬಲ್ ಅಧ್ಯಯನಕ್ಕೆ ಹನ್ನೆರಡು ಮಂದಿ ಸೇರಿದ್ದರು. ಪರಿಚಯವಿಲ್ಲದ ಬಿಳಿಯ ಯುವಕನೊಬ್ಬ ಒಳಬಂದ, ವಯಸ್ಸು 21. ಅವನಿಗೆ ಕುರ್ಚಿ ಕೊಟ್ಟು ಕೂರಿಸಿಕೊಂಡರು. ಅಂದಿನ ಪಾಠ ಬಿತ್ತುವವನ ಸಾಮ್ಯ: ಬೀಜ ದಾರಿಯಲ್ಲಿ, ಬಂಡೆಯ ಮೇಲೆ, ಮುಳ್ಳಿನ ನಡುವೆ, ಒಳ್ಳೆಯ ನೆಲದಲ್ಲಿ ಬಿದ್ದ ಕಥೆ. ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಆತ ಅವರ ಜೊತೆ ಕುಳಿತಿದ್ದ. ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಪಿಸ್ತೂಲು ತೆಗೆದ. ಪಾದ್ರಿಯೂ ರಾಜ್ಯದ ಸೆನೆಟ್ ಸದಸ್ಯರೂ ಆಗಿದ್ದ ಕ್ಲೆಮೆಂಟಾ ಪಿಂಕ್ನಿ ಸೇರಿ ಒಂಬತ್ತು ಜನ ಸತ್ತರು. ಅವರಲ್ಲಿ ಅತಿ ಕಿರಿಯನಿಗೆ 26 ವರ್ಷ, ಅತಿ ಹಿರಿಯರಿಗೆ 87.

ಎರಡೇ ದಿನಗಳ ಮೇಲೆ, ಜೂನ್ 19ರಂದು, ಜಾಮೀನು ವಿಚಾರಣೆ ನಡೆಯಿತು. ಆರೋಪಿ ಜೈಲಿನ ಒಂದು ಕೋಣೆಯಲ್ಲಿ ಕ್ಯಾಮೆರಾ ಮುಂದೆ ನಿಂತಿದ್ದ. ಸತ್ತವರ ಮನೆಯವರು ನ್ಯಾಯಾಲಯದಲ್ಲಿದ್ದರು. ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಮಾತನಾಡುವವರಿದ್ದರೆ ಮಾತನಾಡಬಹುದೆಂದು ನ್ಯಾಯಾಧೀಶರು ಹೇಳಿದರು. ತಾಯಿಯನ್ನು ಕಳೆದುಕೊಂಡ ಮಗಳೊಬ್ಬಳು ಎದ್ದು ನಿಂತಳು. ಇನ್ನು ಮುಂದೆ ತಾಯಿಯ ಜೊತೆ ಮಾತನಾಡಲಾರೆ, ಅವಳನ್ನು ಅಪ್ಪಿಕೊಳ್ಳಲಾರೆ, ಆದರೂ ನಿನ್ನನ್ನು ಕ್ಷಮಿಸುತ್ತೇನೆ ಎಂಬ ಅರ್ಥದ ಮಾತನ್ನು ಅಳುತ್ತಲೇ ಹೇಳಿದಳು. ಬಳಿಕ ಇನ್ನೂ ಕೆಲವರು ಹಾಗೆಯೇ ಹೇಳಿದರು. ಪರದೆಯ ಮೇಲಿನ ಮುಖದಲ್ಲಿ ಬದಲಾವಣೆ ಕಾಣಲಿಲ್ಲ. ಕ್ಯಾಮೆರಾಕ್ಕಾಗಿ ಆಡುವ ಮಾತು ಯಾವುದು, ಕ್ಯಾಮೆರಾವನ್ನು ಮರೆತು ಆಡುವ ಮಾತು ಯಾವುದು ಎಂದು ಗುರುತಿಸುವುದು ನನ್ನ ವೃತ್ತಿಯ ಭಾಗ. ಆ ಮಾತುಗಳು ಎರಡನೆಯ ಬಗೆಯವು.

ಈ ಮಾತು ಎಲ್ಲಿಂದ ಬಂತು? ಎಷ್ಟು ಸಲ ಕ್ಷಮಿಸಬೇಕೆಂದು ಶಿಷ್ಯ ಪೇತ್ರನು ಕೇಳಿದಾಗ ಯೇಸು ಲೆಕ್ಕವಿಡಲಾಗದಷ್ಟು ದೊಡ್ಡ ಸಂಖ್ಯೆಯನ್ನೇ ಹೇಳಿದ ಪ್ರಸಂಗ ಸುವಾರ್ತೆಯಲ್ಲಿದೆ. ಕ್ರೈಸ್ತರು ನಿತ್ಯ ಹೇಳುವ ಪ್ರಾರ್ಥನೆಯಲ್ಲಿ ತಮಗೆ ಕ್ಷಮೆ ಬೇಡುವುದೂ ತಾವು ಕ್ಷಮಿಸುವುದೂ ಒಂದೇ ಉಸಿರಿನಲ್ಲಿ ಬರುತ್ತವೆ. ಬಾಲ್ಯದಿಂದ ಅಭ್ಯಾಸವಾದದ್ದು ಕಷ್ಟದ ದಿನ ಬಾಯಿಗೆ ಬಂತು.

ಆದರೆ ಮಿತ್ರರೇ, ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಎಲ್ಲರೂ ಕ್ಷಮಿಸಲಿಲ್ಲ. ಅದೇ ತಾಯಿಯ ಇನ್ನೊಬ್ಬ ಮಗಳು, ತಾನೇ ಧರ್ಮಬೋಧಕಿ, ಆ ಮಾತು ಹೇಳಲು ವರ್ಷಗಳನ್ನೇ ತೆಗೆದುಕೊಂಡಳು. ಒಂದೇ ಮನೆ, ಒಂದೇ ನಂಬಿಕೆ. ಒಬ್ಬಳಿಗೆ ಎರಡು ದಿನ, ಇನ್ನೊಬ್ಬಳಿಗೆ ವರ್ಷಗಳು. ಇಬ್ಬರಲ್ಲಿ ಯಾರು ದೊಡ್ಡವರು ಎಂದು ಅಳೆಯುವ ಅಧಿಕಾರ ನಮಗಿಲ್ಲ. ನೋವು ತಿಂದ ಜನಾಂಗದಿಂದಲೇ ಸದಾ ಕ್ಷಮೆ ನಿರೀಕ್ಷಿಸುವುದು ಯಾವ ನ್ಯಾಯ ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಇನ್ನೊಂದು ಸಂಗತಿ. ಕ್ಷಮೆ ನ್ಯಾಯದ ದಾರಿಗೆ ಅಡ್ಡ ಬರಲಿಲ್ಲ. 2016ರ ಡಿಸೆಂಬರಿನಲ್ಲಿ ಆತ ತಪ್ಪಿತಸ್ಥನೆಂದು ತೀರ್ಪಾಯಿತು. 2017ರ ಜನವರಿಯಲ್ಲಿ ಮರಣದಂಡನೆ ವಿಧಿಸಲಾಯಿತು. ಆ ಶಿಕ್ಷೆ ಬೇಡವೆಂದವರೂ ಸಂತ್ರಸ್ತರ ಕಡೆಯವರಲ್ಲಿ ಇದ್ದರು. ಪೂರ್ವಾಪರ ಪರಿಶೀಲನೆಯ ಲೋಪದಿಂದ ಅವನ ಕೈಗೆ ಬಂದೂಕು ಸಿಕ್ಕಿತ್ತೆಂದು ಸಂತ್ರಸ್ತ ಕುಟುಂಬಗಳು ಸರ್ಕಾರದ ಮೇಲೆ ದಾವೆ ಹೂಡಿದವು. 2021ರಲ್ಲಿ 8 ಕೋಟಿ 80 ಲಕ್ಷ ಡಾಲರಿಗೆ ಆ ದಾವೆ ಇತ್ಯರ್ಥವಾಯಿತು. ಕ್ಷಮಿಸುವುದೆಂದರೆ ಕೈಕಟ್ಟಿ ಕೂರುವುದಲ್ಲ.

ಹಾಗಾದರೆ ಸಂಧಾನವಾಯಿತೇ? ಕೊಂದವನೊಂದಿಗೆ ಆಗಲಿಲ್ಲ. ತನಗೆ ಪಶ್ಚಾತ್ತಾಪವಿಲ್ಲವೆಂದು ಜೈಲಿನಲ್ಲಿ ಆತ ಬರೆದುಕೊಂಡಿದ್ದ. ಕ್ಷಮೆಯನ್ನು ಒಬ್ಬರೇ ಕೊಡಬಹುದು. ಸಂಧಾನಕ್ಕೆ ಎದುರಿನವನೂ ಒಂದು ಹೆಜ್ಜೆ ಮುಂದಿಡಬೇಕು. ಆದರೆ ಊರು ಮುಂದೆ ಬಂತು. ಘಟನೆಯ ನಂತರದ ಭಾನುವಾರವೇ ಚರ್ಚಿನಲ್ಲಿ ಆರಾಧನೆ ಮತ್ತೆ ಆರಂಭವಾಯಿತು. ಅಂದು ಸಂಜೆ ನಗರದ ದೊಡ್ಡ ಸೇತುವೆಯ ಮೇಲೆ ಕರಿಯರೂ ಬಿಳಿಯರೂ ಸಾವಿರಾರು ಸಂಖ್ಯೆಯಲ್ಲಿ ಸೇರಿದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ಒಕ್ಕೂಟದ ಧ್ವಜವನ್ನು ಜುಲೈ 10ರಂದು ರಾಜ್ಯ ಶಾಸನಭವನದ ಆವರಣದಿಂದ ಕೆಳಗಿಳಿಸಲಾಯಿತು. ಗುಲಾಮರ ವ್ಯಾಪಾರದಿಂದ ಬೆಳೆದ ಆ ನಗರ 2018ರಲ್ಲಿ ತನ್ನ ಪಾತ್ರಕ್ಕಾಗಿ ವಿಧ್ಯುಕ್ತವಾಗಿ ಕ್ಷಮೆ ಕೇಳಿತು. ಗಮನಿಸಿ: ಕ್ಷಮೆ ಕೊಟ್ಟದ್ದು ಎರಡು ದಿನಗಳಲ್ಲಿ, ಕ್ಷಮೆ ಕೇಳಿದ್ದು ಮೂರು ವರ್ಷಗಳ ಮೇಲೆ.

ನಿಮ್ಮ ತರಗತಿಯಲ್ಲಿ, ಹಾಸ್ಟೆಲಿನಲ್ಲಿ, ಮನೆಯಲ್ಲಿ ಇಷ್ಟು ಭೀಕರವಾದದ್ದು ನಡೆಯದಿರಲಿ. ಆದರೆ ಸಣ್ಣ ಅನ್ಯಾಯಗಳು ನಡೆಯುತ್ತವೆ. ನೀವು ನೊಂದವರಾದರೆ ನಿಮಗೆ ಬೇಕಾದಷ್ಟು ಸಮಯ ತೆಗೆದುಕೊಳ್ಳಿ. ಆದರೆ ದ್ವೇಷವನ್ನು ಮಾತ್ರ ಜೋಪಾನ ಮಾಡಬೇಡಿ. ನೀವು ನೋಡುವವರಾದರೆ, 'ಹೋಗಲಿ ಬಿಡು' ಎಂದು ನೊಂದವರನ್ನು ಒತ್ತಾಯಿಸಬೇಡಿ. ತಪ್ಪು ನಿಮ್ಮದೇ ಆಗಿದ್ದರೆ, ಅವರು ಕ್ಷಮಿಸಲಿ ಎಂದು ಕಾಯದೆ ನೀವೇ ಮೊದಲು ಹೋಗಿ ಕೇಳಿ. ಏಟಿಗೂ ಮರು ಏಟಿಗೂ ನಡುವಿನ ಬಿಡುವು ಇರುವುದು ಇಂಥ ಕೆಲಸಕ್ಕಾಗಿಯೇ.