ರೋಗ ಹೋಯಿತು, ಭಯ ಹೋಯಿತೇ?

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೊರೋನಾದ ಕುರಿತು ಮಾತಾಡುವ ಕಾಲ ಮುಗಿಯಿತೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿ ಕೊನೆಗೊಂಡಿತೆಂದು ಘೋಷಿಸಿತು. ನಾವು ಮಸೀದಿಯ ಸಫ್‌ಗಳಲ್ಲಿ ಮತ್ತೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದೇವೆ. ಮದುವೆ ಮಂಟಪಗಳು ಮತ್ತೆ ತುಂಬಿವೆ. ಆದರೆ ಒಂದು ಸಾಂಕ್ರಾಮಿಕ ರೋಗವು ಶರೀರದಿಂದ ಹೊರಟು ಹೋದ ಬಳಿಕವೂ ಮನಸ್ಸಿನಲ್ಲಿ ಉಳಿಯುತ್ತದೆ. ಒಂದು ಸಮಾಜದ ನಡವಳಿಕೆಯಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಇಂದು ನಾನು ಈ ಎರಡರ ಕುರಿತು, ಅಂದರೆ ಜನರ ಮನೋಭಾವ ಮತ್ತು ಜನರ ಮನೋವೇದನೆಯ ಕುರಿತು ಮಾತಾಡಲು ಬಯಸುತ್ತೇನೆ. ಇವೆರಡೂ ಬೇರೆ ಬೇರೆ ವಿಷಯಗಳಲ್ಲ. ಒಂದು ಇನ್ನೊಂದನ್ನು ಹುಟ್ಟಿಸುತ್ತದೆ.

ಮೊದಲು 2020ನ್ನು ನೆನಪಿಸಿಕೊಳ್ಳೋಣ. ದೇಶದ ಮೊದಲ ಕೋವಿಡ್ ಮರಣ ವರದಿಯಾದದ್ದು ನಮ್ಮದೇ ರಾಜ್ಯದ ಕಲಬುರಗಿಯಿಂದ, ಆ ವರ್ಷದ ಮಾರ್ಚ್‌ನಲ್ಲಿ. ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಜಾರಿಯಾಯಿತು. ವಿದೇಶದಿಂದ ಬಂದವರ ಕೈಗೆ ಅಳಿಸಲಾಗದ ಶಾಯಿಯ ಮುದ್ರೆ ಬಿತ್ತು. ಮನೆಯಲ್ಲೇ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಸರಕಾರವೇ ಬಹಿರಂಗಪಡಿಸಿತು. ಆ ಪಟ್ಟಿ ಕೈಯಿಂದ ಕೈಗೆ, ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಮನೆಯ ಗೋಡೆಗೆ ನೋಟೀಸು ಅಂಟಿಸುವ ಕ್ರಮ ಬಂತು. ಇಂತಹ ನೋಟೀಸು ಅಂಟಿಸಲಾದ ಮನೆಯವರನ್ನು ಜನರು ಅಸ್ಪೃಶ್ಯರಂತೆ ಕಾಣುತ್ತಾರೆಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟೇ ಹೇಳಬೇಕಾಯಿತು. ಸಕ್ಷಮ ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಅಂಟಿಸಬಾರದೆಂದು ಅದು ತೀರ್ಪಿತ್ತಿತು. ನಮ್ಮ ಹೋರಾಟ ರೋಗದ ವಿರುದ್ಧವೇ ಹೊರತು ರೋಗಿಯ ವಿರುದ್ಧವಲ್ಲ ಎಂದು ಆಗ ಪ್ರತಿಯೊಂದು ಫೋನ್ ಕರೆಯಲ್ಲೂ ಒಂದು ಧ್ವನಿ ನಮಗೆ ಕಲಿಸುತ್ತಿತ್ತು. ಆ ಧ್ವನಿ ಮುಗಿಯುವುದನ್ನು ಕಾಯುತ್ತಾ ಕುಳಿತ ನಾವು, ಕರೆ ಸಿಕ್ಕಿದ ಕೂಡಲೇ ಕೇಳುತ್ತಿದ್ದ ಮೊದಲ ಪ್ರಶ್ನೆ, 'ಯಾರ ಮನೆಯಲ್ಲಂತೆ?' ಎಂಬುದಾಗಿತ್ತು.

ಮೃತರನ್ನೂ ಈ ಭಯ ಬಿಡಲಿಲ್ಲ. 2020ರ ಎಪ್ರಿಲ್‌ನಲ್ಲಿ ದಕ್ಷಿಣ ಕನ್ನಡದಲ್ಲಿ ಮೃತಪಟ್ಟ ವೃದ್ಧೆಯೊಬ್ಬರ ಶವಸಂಸ್ಕಾರಕ್ಕೆ ಮಂಗಳೂರಿನಲ್ಲಿ ಒಂದರ ಬಳಿಕ ಒಂದು ಕಡೆ ಜನರು ತಡೆಯೊಡ್ಡಿದರು. ಅದೇ ತಿಂಗಳಲ್ಲಿ ಚೆನ್ನೈಯಲ್ಲಿ ಕೋವಿಡ್‌ನಿಂದ ತೀರಿಕೊಂಡ ನರಶಸ್ತ್ರಚಿಕಿತ್ಸಕರ ಪಾರ್ಥಿವ ಶರೀರವನ್ನು ಒಯ್ದವರ ಮೇಲೆ ಕಲ್ಲು ತೂರಲಾಯಿತು. ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಎಳೆದೊಯ್ದು ಒಂದೇ ಗುಂಡಿಗೆ ಎಸೆಯುವ ದೃಶ್ಯವನ್ನು ನಾಡೆಲ್ಲ ನೋಡಿತು. ಜಿಲ್ಲಾಡಳಿತ ಕ್ಷಮೆ ಯಾಚಿಸಿತು. ಈ ಘಟನೆಗಳಲ್ಲಿ ಯಾವ ಧರ್ಮದವರು ಯಾರನ್ನು ತಡೆದರೆಂಬುದು ಮುಖ್ಯವಲ್ಲ. ನಿನ್ನೆಯವರೆಗೆ ಕೈಮುಗಿದು ಗೌರವಿಸುತ್ತಿದ್ದ ವೈದ್ಯರಿಗೇ ಆರಡಿ ಮಣ್ಣು ನಿರಾಕರಿಸುವಷ್ಟು ಭಯವು ಮನುಷ್ಯರನ್ನು ಬದಲಾಯಿಸಬಲ್ಲುದು ಎಂಬುದು ಮುಖ್ಯ.

ಭಯಕ್ಕೆ ಒಂದು ಗುಣವಿದೆ. ಅದು ಬರಿಗೈಯಲ್ಲಿ ಇರಲಾರದು. ಅದಕ್ಕೆ ಬೆಟ್ಟು ಮಾಡಲು ಒಬ್ಬ ಅಪರಾಧಿ ಬೇಕು. ವೈರಾಣು ಕಣ್ಣಿಗೆ ಕಾಣುವುದಿಲ್ಲ. ಟೋಪಿ ಕಾಣುತ್ತದೆ, ಗಡ್ಡ ಕಾಣುತ್ತದೆ. ದಿಲ್ಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ 2020ರ ಮಾರ್ಚ್‌ನಲ್ಲಿ ನಡೆದ ತಬ್ಲೀಗ್ ಸಮಾವೇಶದ ಔಚಿತ್ಯದ ಕುರಿತು ಯಾರು ಬೇಕಾದರೂ ಪ್ರಶ್ನೆ ಎತ್ತಬಹುದು, ಎತ್ತಲೇಬೇಕು. ಆದರೆ ಅಲ್ಲಿ ಎದ್ದದ್ದು ಆರೋಗ್ಯದ ಪ್ರಶ್ನೆಯಾಗಿರಲಿಲ್ಲ. ಒಂದಿಡೀ ಸಮುದಾಯವು ರೋಗವನ್ನು ಆಯುಧವಾಗಿ ಬಳಸುತ್ತಿದೆಯೆಂಬ ಕಥೆಯನ್ನು ಟಿ.ವಿ. ಚಾನೆಲ್‌ಗಳು ಹೆಣೆದವು. ತಳ್ಳುಗಾಡಿಯಲ್ಲಿ ತರಕಾರಿ, ಹಣ್ಣು ಮಾರುವವರ ಹೆಸರು ಕೇಳಿ ಗಿರಾಕಿಗಳು ಹಿಂದೆ ಸರಿದರು. ಯಾವುದೇ ಸಮುದಾಯಕ್ಕೆ ಹಣೆಪಟ್ಟಿ ಹಚ್ಚಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯವು ಎಪ್ರಿಲ್‌ನಲ್ಲಿ ಸಲಹೆ ಹೊರಡಿಸಿತು. ಇಡೀ ಸಮುದಾಯವನ್ನು ದೂಷಿಸುವವರ ವಿರುದ್ಧ ಕ್ರಮ ಕೈಗೊಳ್ಳುವುದಾಗಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೂ ಎಚ್ಚರಿಸಿದರು. ಅಷ್ಟರಲ್ಲಿ ಆಗಬೇಕಾದ ಗಾಯ ಆಗಿಹೋಗಿತ್ತು.

ನ್ಯಾಯಾಲಯಗಳು ಏನು ಹೇಳಿದವು? ವಿದೇಶೀ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಗೊಳಿಸುತ್ತಾ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು 2020ರ ಆಗಸ್ಟ್ 21ರಂದು, ವಿಪತ್ತಿನ ಕಾಲದಲ್ಲಿ ಸರಕಾರಗಳು ಬಲಿಪಶುಗಳನ್ನು ಹುಡುಕುತ್ತವೆ ಎಂಬ ಅರ್ಥದ ಮಾತನ್ನು ಹೇಳಿತು. ಅವರಿಗೆ ಆಶ್ರಯವಿತ್ತ ಆರೋಪ ಹೊತ್ತಿದ್ದ 70 ಮಂದಿ ಭಾರತೀಯರ ಮೇಲಿನ ಪ್ರಕರಣಗಳನ್ನು ದಿಲ್ಲಿ ಹೈಕೋರ್ಟ್ ರದ್ದುಪಡಿಸಿದ್ದು 2025ರ ಜುಲೈಯಲ್ಲಿ. ಐದು ವರ್ಷಗಳು! ಆರೋಪವು ಐದು ನಿಮಿಷಗಳಲ್ಲಿ ಮನೆಮನೆ ತಲುಪಿತು. ತೀರ್ಪು ಎಷ್ಟು ಮನೆಗಳನ್ನು ತಲುಪಿದೆ? 2021ರ ಮೇಯಲ್ಲಿ, ಎರಡನೇ ಅಲೆಯ ನಡುವೆ, ಬೆಂಗಳೂರಿನ ವಾರ್ ರೂಮೊಂದರಲ್ಲಿ ದುಡಿಯುತ್ತಿದ್ದ 205 ಮಂದಿಯ ಪೈಕಿ 17 ಮುಸ್ಲಿಮರ ಹೆಸರುಗಳನ್ನು ಮಾತ್ರ ಆರಿಸಿ ಕ್ಯಾಮರಾದೆದುರು ಓದಲಾಯಿತು. ಹಗಲು ರಾತ್ರಿ ಪರರ ಸಂಕಟದ ಕರೆಗಳನ್ನು ಆಲಿಸುತ್ತಿದ್ದ ಆ ಯುವಕರ ಮನಸ್ಸಿನ ಮೇಲೆ, ಅವರ ತಾಯಂದಿರ ಮನಸ್ಸಿನ ಮೇಲೆ ಅದು ಯಾವ ಪರಿಣಾಮ ಬೀರಿರಬಹುದೆಂದು ಊಹಿಸಿಕೊಳ್ಳಿ.

ಆದರೆ ಸಹೋದರರೇ, ನಮ್ಮ ಕಡೆಗೂ ನೋಡಿಕೊಳ್ಳಬೇಕಾಗಿದೆ. 2020ರ ಎಪ್ರಿಲ್‌ನಲ್ಲಿ ಬೆಂಗಳೂರಿನ ಸಾದಿಕ್ ಲೇಔಟ್‌ನಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರನ್ನು ಮುತ್ತಿಗೆ ಹಾಕಲಾಯಿತು. ಪಾದರಾಯನಪುರದಲ್ಲಿ ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಕರೆದೊಯ್ಯಲು ಬಂದ ಸಿಬ್ಬಂದಿಯೆದುರು ದಾಂಧಲೆ ನಡೆಯಿತು. ಪೌರತ್ವ ಕಾಯಿದೆ ಮತ್ತು ಎನ್ನಾರ್ಸಿಯ ಆತಂಕ ಆಗಿನ್ನೂ ಹಸಿಯಾಗಿತ್ತು. ಮಂಗಳೂರಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಬಲಿಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳುವವರನ್ನು ಶಂಕೆಯಿಂದ ನೋಡುವ ವಾತಾವರಣವಿತ್ತು, ನಿಜ. ಆದರೆ ಅಲ್ಪ ಗೌರವಧನಕ್ಕಾಗಿ ಬಿಸಿಲಲ್ಲಿ ಅಲೆಯುವ ಬಡ ಹೆಣ್ಣುಮಗಳ ಮೇಲೆ ಆ ಸಿಟ್ಟನ್ನು ತೀರಿಸುವುದನ್ನು ಯಾವ ಕಾರಣವೂ ಸಮರ್ಥಿಸದು. ಇಲ್ಲಿ ಕಲಿಯಬೇಕಾದ ಪಾಠ ಒಂದೇ: ರೋಗಕ್ಕಿಂತ ಅವಮಾನದ ಭಯ ದೊಡ್ಡದಾದಾಗ ಜನರು ರೋಗವನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ರೋಗ ಹರಡುತ್ತದೆ. ಮೊದಲು ಬಲಿಯಾಗುವುದು ಬಚ್ಚಿಟ್ಟವನ ಮನೆಯವರೇ.

ಈ ಮಾತನ್ನು ನೆನಪಿನಲ್ಲಿಡಿ, ಇದಕ್ಕೆ ಮತ್ತೆ ಬರುತ್ತೇನೆ. ಈಗ ಮನೆಯೊಳಗೆ ಹೋಗೋಣ.

ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಪ್ರಮಾಣವು ಶೇ. 25ರಷ್ಟು ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಮಹಿಳೆಯರು ಮತ್ತು ಯುವಜನರು ಹೆಚ್ಚು ಬಾಧಿತರು. ಇದಕ್ಕೆ ಕಾರಣ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ದುಡಿಮೆ ನಿಂತ ಗಂಡ, ಬಾಗಿಲು ಮುಚ್ಚಿದ ಶಾಲೆ, ಒಂದೇ ಮೊಬೈಲ್‌ಗಾಗಿ ಜಗಳಾಡುವ ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಇವರೆಲ್ಲರ ಒತ್ತಡವೂ ಬಂದು ಸೇರುತ್ತಿದ್ದುದು ಅಡುಗೆ ಕೋಣೆಯಲ್ಲಿ ನಿಂತಿದ್ದ ಒಬ್ಬ ಮಹಿಳೆಯ ತಲೆಗೆ. ತಾನು ದಣಿದಿದ್ದೇನೆಂದು ಹೇಳಲು ಆಕೆಗೆ ತವರಿಗೆ ಹೋಗುವ ದಾರಿಯೂ ಇರಲಿಲ್ಲ.

ಇನ್ನು ಮರಣ. ದುಃಖವನ್ನು ಹೊರಲು ಇಸ್ಲಾಮ್ ಎಷ್ಟು ಸುಂದರವಾದ ವ್ಯವಸ್ಥೆ ಮಾಡಿದೆ ನೋಡಿ. ಮಯ್ಯಿತ್‌ನ ಸ್ನಾನ, ಕಫನ್, ಜನಾಝಾ ನಮಾಝ್, ಹೆಗಲು ಕೊಡಲು ಧಾವಿಸುವ ನೂರು ಮಂದಿ, ಮೂರು ದಿನಗಳ ಸಾಂತ್ವನ ಭೇಟಿ. ಜಅ್‌ಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗೆ ಆಹಾರ ಸಿದ್ಧಪಡಿಸಿರೆಂದು ಪ್ರವಾದಿ(ಸ) ನೆರೆಯವರಿಗೆ ಆದೇಶಿಸಿದ್ದರು. ಯಾಕೆಂದರೆ ದುಃಖದಲ್ಲಿರುವ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕೋವಿಡ್ ಈ ಎಲ್ಲ ದಾರಿಗಳನ್ನೂ ಒಮ್ಮೆಗೇ ಮುಚ್ಚಿಬಿಟ್ಟಿತು. ಸ್ನಾನಕ್ಕೆ ಅನುಮತಿಯಿರಲಿಲ್ಲ. ಮುಖದರ್ಶನಕ್ಕೆ ದೂರದಿಂದ ಕೆಲವು ಕ್ಷಣ. ಗಲ್ಫ್‌ನಲ್ಲಿ ತೀರಿಕೊಂಡವರನ್ನು ಅಲ್ಲೇ ದಫನ ಮಾಡಲಾಯಿತು. ಊರಿನಲ್ಲಿದ್ದ ಪತ್ನಿ ಅದನ್ನು ಮೊಬೈಲ್ ಪರದೆಯಲ್ಲಿ ನೋಡಿದಳು. ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದದ್ದೇ 2020ರ ಮೇ 12ರಂದು. ಅಂದು ಅಳಲಾಗದವರು ಇಂದು ಕಾರಣವಿಲ್ಲದೆ ಅಳುತ್ತಿದ್ದಾರೆ. ನಿದ್ದೆ ಬಾರದೆಂದು, ಎದೆ ಬಿಗಿಯುತ್ತದೆಂದು ವೈದ್ಯರಿಂದ ವೈದ್ಯರಿಗೆ ಅಲೆಯುತ್ತಿದ್ದಾರೆ. ಇದು ಶರೀರದ ರೋಗವಲ್ಲ, ಮುಗಿಯದೆ ಉಳಿದ ಜನಾಝಾ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ದಿನಗಳಲ್ಲಿ ಬೆಂಗಳೂರು ಸಹಿತ ರಾಜ್ಯದ ಅನೇಕ ಪಟ್ಟಣಗಳಲ್ಲಿ ಮುಸ್ಲಿಮ್ ಯುವಕರ ತಂಡಗಳು ಪಿಪಿಇ ಕಿಟ್ ತೊಟ್ಟು ಎಲ್ಲ ಧರ್ಮದವರ ಅಂತ್ಯಸಂಸ್ಕಾರ ನಡೆಸಿದವು. ಬೆಟ್ಟು ಮಾಡಿದವರಿಗೆ ಅವರು ಭಾಷಣದಿಂದ ಉತ್ತರಿಸಲಿಲ್ಲ, ಹೆಗಲಿನಿಂದ ಉತ್ತರಿಸಿದರು. ಆದರೆ ದಿನವೂ ಹೆಣಗಳನ್ನು ಹೊತ್ತ ಆ ಹುಡುಗರನ್ನು ನಾವು ಸನ್ಮಾನಿಸಿದೆವು, ಶಾಲು ಹೊದಿಸಿದೆವು. ರಾತ್ರಿ ನಿದ್ದೆ ಬರುತ್ತದೆಯೇ ಮಗನೇ ಎಂದು ಕೇಳಿದವರು ಎಷ್ಟು ಮಂದಿ?

ಈಗ ಆ ಪಾಠಕ್ಕೆ ಮರಳುತ್ತೇನೆ. ಕೊರೋನಾ ಕಾಲದಲ್ಲಿ ಸಮಾಜವು ನಮ್ಮನ್ನು ನೋಡಿದ ಅದೇ ಕಣ್ಣಿನಿಂದ ನಾವು ನಮ್ಮ ಮನೆಯ ಮನೋರೋಗಿಯನ್ನು ನೋಡುತ್ತಿಲ್ಲವೇ? ಮಗಳಿಗೆ ಖಿನ್ನತೆಯಿದೆಯೆಂದು ಗೊತ್ತಾದರೆ ಸಂಬಂಧ ಕುದುರದೆಂದು ಬಚ್ಚಿಡುತ್ತೇವೆ. ಮಗನಿಗೆ ಆತಂಕದ ತೊಂದರೆಯಿದ್ದರೆ ಈಮಾನ್ ದುರ್ಬಲವಾಗಿದೆ, ನಮಾಝ್ ಸರಿಯಿಲ್ಲ ಎಂದು ಗದರಿಸುತ್ತೇವೆ. ಜಿನ್ನ್ ಬಾಧೆಯೆಂದು ಹೇಳುವವನ ಬಳಿಗೆ ನೂರು ಮೈಲಿ ಹೋಗುತ್ತೇವೆ, ಮನೋವೈದ್ಯರ ಬಳಿಗೆ ಹೋಗಬೇಕಾದರೆ ಪರವೂರಿನ ಆಸ್ಪತ್ರೆಯನ್ನು ಆರಿಸುತ್ತೇವೆ. ಹಣೆಪಟ್ಟಿಯ ನೋವನ್ನು ಉಂಡವರೇ ತಮ್ಮ ಮಕ್ಕಳಿಗೆ ಹಣೆಪಟ್ಟಿ ಹಚ್ಚುವುದೇ?

ನಮ್ಮ ಪರಂಪರೆ ಹೀಗೆ ಕಲಿಸಿಲ್ಲ. ಪ್ರೀತಿಯ ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಇತಿಹಾಸವು ದುಃಖದ ವರ್ಷವೆಂದು ಕರೆದಿದೆ. ಪುತ್ರ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿಯವರ(ಸ) ಕಣ್ಣುಗಳು ತುಂಬಿ ಹರಿದವು. ಅವರ ಈಮಾನ್ ದುರ್ಬಲವಾಗಿತ್ತೆಂದು ಯಾರಾದರೂ ಹೇಳಬಲ್ಲರೇ? ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಕ್ರಿ.ಶ. 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ಅವರು ಶರೀರ ಮತ್ತು ಆತ್ಮ ಎರಡರ ಆರೋಗ್ಯದ ಕುರಿತೂ ಒಂದು ಗ್ರಂಥ ರಚಿಸಿದರು. ದುಃಖದಲ್ಲಿ ಎರಡು ಬಗೆಯನ್ನು ಅವರು ಗುರುತಿಸಿದರು: ಕಾರಣ ತಿಳಿದಿರುವ ದುಃಖ ಮತ್ತು ಕಾರಣ ತಿಳಿಯದೆ ಆವರಿಸುವ ದುಃಖ. ಎರಡನೆಯದರ ಮೂಲ ಶರೀರದಲ್ಲಿದೆ, ಅದಕ್ಕೆ ಚಿಕಿತ್ಸೆ ಬೇಕು ಎಂದರು. 1284ರಲ್ಲಿ ಕೈರೋದಲ್ಲಿ ಸ್ಥಾಪನೆಯಾದ ಮನ್ಸೂರಿ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು.

ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವೆಂದು ಭಾವಿಸುವವರು ಹಝ್ರತ್ ಉಮರ್(ರ)ರನ್ನು ನೆನಪಿಸಿಕೊಳ್ಳಲಿ. ಶಾಮ್‌ನಲ್ಲಿ ಅಮ್ವಾಸ್ ಪ್ಲೇಗ್ ಹರಡಿದಾಗ ಅವರು ಸರ್ಗ್ ಎಂಬಲ್ಲಿಂದ, ಎಲ್ಲರೊಡನೆ ಸಮಾಲೋಚಿಸಿ, ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಹೌದು, ಅವನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಎಂಬ ಅರ್ಥದ ಉತ್ತರವಿತ್ತರು. ರೋಗ ಅವನ ವಿಧಿಯಾದರೆ ಔಷಧವೂ ಅವನದೇ ವಿಧಿ. ಶರೀರಕ್ಕೆ ಅನ್ವಯಿಸುವ ಈ ನಿಯಮ ಮನಸ್ಸಿಗೆ ಅನ್ವಯಿಸುವುದಿಲ್ಲವೇ?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ವರ್ಷದಲ್ಲಿ ಒಂದೆರಡು ಜುಮಾ ಖುತ್ಬಾಗಳಲ್ಲಾದರೂ ಮನೋರೋಗವು ನಾಚಿಕೆಯ ವಿಷಯವಲ್ಲವೆಂದು ಖತೀಬರು ಹೇಳಲಿ. ಮಿಂಬರಿನಿಂದ ಬಂದ ಒಂದು ಮಾತು ಹತ್ತು ಕರಪತ್ರಗಳಿಗೆ ಸಮಾನ. ಎರಡನೆಯದಾಗಿ, 2020-21ರಲ್ಲಿ ಸಾವು ಕಂಡ ಮನೆಗಳ ಪಟ್ಟಿ ಜಮಾಅತ್ ಕಮಿಟಿಯ ದಫನ ಪುಸ್ತಕದಲ್ಲೇ ಇದೆ. ಆ ಮನೆಗಳಿಗೆ ಈಗಲಾದರೂ ಹೋಗಿ. ಸಾಂತ್ವನಕ್ಕೆ ಅವಧಿ ಮೀರಿತೆಂದು ಹಿಂಜರಿಯಬೇಡಿ. ಮೂರನೆಯದಾಗಿ, ಇರುವ ಸೌಲಭ್ಯಗಳನ್ನು ಬಳಸಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡಕ್ಕೆ ಒಳಗಾದವರೆಂದೇ ಪರಿಗಣಿಸಬೇಕು, ಅವರಿಗೆ ಆರೈಕೆ ನೀಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯಿದೆ. ಕಾನೂನು ತೋರುವ ಈ ಕರುಣೆಯನ್ನು ಕುಟುಂಬ ತೋರಬಾರದೇ?

ಕೊನೆಯದಾಗಿ, ಇನ್ನೊಂದು ಸಾಂಕ್ರಾಮಿಕ ಬಾರದೆಂದು ಯಾರೂ ಭರವಸೆ ಕೊಡಲಾರರು. ಅಂದು ಯಾರಾದರೂ, ಯಾವ ಧರ್ಮದವರೇ ಆಗಲಿ, ಬೆಟ್ಟು ಮಾಡಲ್ಪಟ್ಟಾಗ ಅವರ ಪಕ್ಕದಲ್ಲಿ ಮೊದಲು ನಿಲ್ಲಬೇಕಾದವರು ನಾವು. ಯಾಕೆಂದರೆ ಆ ಬೆಟ್ಟಿನ ಭಾರ ಎಷ್ಟೆಂಬುದು ನಮಗೆ ಗೊತ್ತು. ಆದರೆ ಆ ಕೆಲಸ ಬೀದಿಯಲ್ಲಿ ಆರಂಭವಾಗುವುದಿಲ್ಲ. ಇಂದು ಮನೆಗೆ ಮರಳಿದ ಬಳಿಕ, ಬಹಳ ದಿನಗಳಿಂದ ಮೌನವಾಗಿರುವ ಒಬ್ಬರ ಬಳಿ ಕುಳಿತು, ಉಪದೇಶ ಮಾಡದೆ, ಅವರ ಮಾತನ್ನು ಆಲಿಸುವುದರಿಂದ ಅದು ಆರಂಭವಾಗಲಿ. ಅಲ್ಲಾಹನು ನಮಗೆಲ್ಲರಿಗೂ ಶರೀರದ ಆರೋಗ್ಯವನ್ನೂ ಮನಸ್ಸಿನ ನೆಮ್ಮದಿಯನ್ನೂ ದಯಪಾಲಿಸಲಿ, ಆಮೀನ್.