ಕೆಲಸ ಕಲಿಸುವವರ ದನಿ

ಕಚೇರಿಯೇ ಆಗಲಿ, ಕಾರ್ಖಾನೆಯೇ ಆಗಲಿ, ಹೊಸದಾಗಿ ಸೇರಿದವರಿಗೆ ಕೆಲಸವನ್ನು ಕಲಿಸಿಕೊಡುವ ಹೊಣೆ ಹಳಬರ ಬಾಯಿಮಾತಿನ ಮೇಲೆ ನಿಂತಿರುವುದೇ ಹೆಚ್ಚು. ಅವರಿಗೆ ಏನನ್ನು ಹೇಳಬೇಕೆಂದು ನಾವು ಆಲೋಚಿಸುತ್ತೇವೆ; ಯಾವ ದನಿಯಲ್ಲಿ ಹೇಳಬೇಕೆಂದು ಆಲೋಚಿಸುವುದು ಬಹು ವಿರಳ.

“ಈ ಲೆಕ್ಕವನ್ನು ಏಕೆ ಹೀಗೆ ಬರೆದಿರಿ?” ಎಂಬ ವಾಕ್ಯವನ್ನೇ ತೆಗೆದುಕೊಳ್ಳಬಹುದು. ‘ಏಕೆ’ ಎಂಬುದನ್ನು ಎತ್ತಿ ಎಳೆದು ನುಡಿದರೆ ಅದು ಪ್ರಶ್ನೆಯಾಗಿ ಉಳಿಯದೆ ಆರೋಪವಾಗುತ್ತದೆ. ಅದೇ ಮಾತನ್ನು ಒಂದೇ ಸಮನಾಗಿ, ತುಸು ನಿಧಾನವಾಗಿ ನುಡಿದರೆ, ಕಾರಣವನ್ನು ತಿಳಿಯುವ ಇಚ್ಛೆ ನಮಗಿದೆಯೆಂದು ಎದುರಿನವರಿಗೆ ಹೊಳೆಯುತ್ತದೆ. ಅಕ್ಷರವೊಂದೂ ಬದಲಾಗಿಲ್ಲ. ಆದರೆ ಮೊದಲನೆಯ ಸಲ ಕಲಿಯುವವರು ನಮ್ಮ ಮುಖವನ್ನು ನೋಡುತ್ತಾರೆ. ಎರಡನೆಯ ಸಲ ಲೆಕ್ಕದ ಪುಸ್ತಕವನ್ನು ನೋಡುತ್ತಾರೆ. ಮುಖ ನೋಡುವುದನ್ನೇ ರೂಢಿಮಾಡಿಕೊಂಡವರು ತಪ್ಪನ್ನು ತಿದ್ದಿಕೊಳ್ಳುವುದಕ್ಕಿಂತ ಮುಚ್ಚಿಡುವುದರಲ್ಲಿ ನಿಪುಣರಾಗುವರು. ಇದರಿಂದಾಗುವ ಹಾನಿ ವರ್ಷಾಂತ್ಯದ ತನಿಖೆಯವರೆಗೆ ಯಾರ ಕಣ್ಣಿಗೂ ಬೀಳದು.

ದನಿಯ ಇಂಥ ವಿಕಾರಕ್ಕೆ ನಮ್ಮ ಪೂರ್ವಿಕರು ‘ಕಾಕು’ ಎಂಬ ಹೆಸರನ್ನೇ ಇಟ್ಟಿದ್ದರು. ಮಾತು ಹೊರಡುವ ಎಡೆಗಳು ಎದೆ, ಕಂಠ, ಶಿರಸ್ಸು ಎಂದು ಮೂರೆಂಬುದು ಭರತನ ನಾಟ್ಯಶಾಸ್ತ್ರದ ಮತ. ದೂರದವರನ್ನು ಕರೆಯುವಾಗ ಶಿರಸ್ಸಿನಿಂದಲೂ, ಅಷ್ಟೇನೂ ದೂರವಲ್ಲದವರೊಡನೆ ಕಂಠದಿಂದಲೂ, ಪಕ್ಕದವರೊಡನೆ ಎದೆಯಿಂದಲೂ ಸ್ವರ ಹೊರಡತಕ್ಕದ್ದೆಂದು ಅದರ ವಿಧಿ. ನಟರಿಗಾಗಿ ಹೇಳಿದ ಮಾತಾದರೂ ಇದು ಕಚೇರಿಯ ಮೇಜಿಗೂ ಸಲ್ಲುತ್ತದೆ. ಮೊಳದಷ್ಟು ದೂರದಲ್ಲಿ ಕುಳಿತ ಕಿರಿಯರೊಡನೆ, ಹೊಳೆಯ ಆಚೆಯ ದಡದವರನ್ನು ಕೂಗಿ ಕರೆಯುವಂತೆ ಮಾತನಾಡುವ ಅಧಿಕಾರಿಗಳನ್ನು ನಾವು ಕಾಣದವರೇನೂ ಅಲ್ಲ! ಕೋಪ ಬಂದಾಗ ಗಂಟಲಿನ ಸ್ನಾಯುಗಳು ಬಿಗಿದು ಸ್ವರ ತಾನಾಗಿ ಮೇಲೇರುವುದುಂಟು. ಆದುದರಿಂದ ತಪ್ಪು ಕಣ್ಣಿಗೆ ಬಿದ್ದ ಕ್ಷಣದಲ್ಲೇ ಬಾಯ್ದೆರೆಯದೆ, ಒಂದು ದೀರ್ಘವಾದ ಉಸಿರನ್ನು ಬಿಟ್ಟು ಆಮೇಲೆ ನುಡಿಯುವುದು ಲೇಸು.

ಕೇಳುವವರು ಮಾತಿನ ಅರ್ಥವಿಲ್ಲದೆಯೂ ದನಿಯನ್ನು ತೂಗಬಲ್ಲರೆಂಬುದಕ್ಕೆ ಕೇರಳ ಮೂಲದ ಮನಶ್ಶಾಸ್ತ್ರಜ್ಞೆ ನಳಿನಿ ಅಂಬಾಡಿಯವರೂ ಅವರ ಸಹೋದ್ಯೋಗಿಗಳೂ 2002ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಸಾಕ್ಷಿ. ಅಮೆರಿಕದ ಶಸ್ತ್ರವೈದ್ಯರು ರೋಗಿಗಳೊಡನೆ ಆಡಿದ ಮಾತುಗಳಿಂದ ಹತ್ತು ಹತ್ತು ಸೆಕೆಂಡುಗಳ ತುಣುಕುಗಳನ್ನು ಆರಿಸಿ, ಪದಗಳು ತಿಳಿಯದೆ ದನಿಯ ಏರಿಳಿತ ಮಾತ್ರ ಉಳಿಯುವಂತೆ ಶೋಧಿಸಿ, ಅಪರಿಚಿತರಿಗೆ ಕೇಳಿಸಿದರು. ಯಾರ ದನಿಯಲ್ಲಿ ದರ್ಪ ಹೆಚ್ಚಾಗಿಯೂ ಕಾಳಜಿ ಕಡಮೆಯಾಗಿಯೂ ಕೇಳುಗರಿಗೆ ತೋರಿತೋ, ಅಂಥವರಲ್ಲಿ ರೋಗಿಗಳಿಂದ ದಾವೆಗೆ ಗುರಿಯಾಗಿದ್ದವರು ಹೆಚ್ಚಾಗಿ ಕಂಡುಬಂದರು. ದಾವೆಗೆ ದನಿಯೇ ಕಾರಣವೆಂದು ಇಷ್ಟರಿಂದಲೇ ತೀರ್ಮಾನಿಸಲಾಗದು. ಆದರೂ ಪದಗಳನ್ನು ಅಳಿಸಿದ ಮೇಲೂ ದರ್ಪ ಉಳಿದುಕೊಳ್ಳುವುದೆಂಬುದು ಗಮನಾರ್ಹ.

ಹಾಗೆಂದು ಸದಾ ಜೇನು ಸುರಿಸಬೇಕೆಂದು ನಾವು ಹೇಳುವುದಿಲ್ಲ. ವಯಸ್ಕರನ್ನು ಎಳೆಮಕ್ಕಳಂತೆ ರಮಿಸುವ ದನಿಯೂ ಒಂದು ಬಗೆಯ ಅವಮಾನವೇ. ತಿರುಗುತ್ತಿರುವ ಲೇತ್ ಯಂತ್ರದ ಹತ್ತಿರಕ್ಕೆ ಕೈ ಚಾಚಿದವರನ್ನು “ನಿಲ್ಲಿ!” ಎಂದು ಗದರಲೇಬೇಕು. ಆದರೆ ಆ ಗದರಿಕೆಯನ್ನು ಚಿಕ್ಕಪುಟ್ಟ ತಪ್ಪುಗಳಿಗೂ ದಿನವಹಿ ಖರ್ಚುಮಾಡಿದವರು ಅಪಾಯದ ಗಳಿಗೆಗೆ ಏನನ್ನು ಉಳಿಸಿಕೊಂಡಿರುತ್ತಾರೆ? ಇನ್ನು ನಾಲ್ಕು ಜನರ ಮುಂದೆ “ತಾವು ಬಹಳ ಬುದ್ಧಿವಂತರು” ಎಂದು ರಾಗ ಎಳೆಯುವ ವ್ಯಂಗ್ಯವಂತೂ ಬೈಗುಳಕ್ಕಿಂತ ಕಠೋರ. ಬೈದವರನ್ನು ಮರೆತಾರು, ಹೀಗೆ ಹಂಗಿಸಿದವರನ್ನು ಮರೆಯುವುದು ಕಷ್ಟ.

ದೂರವಾಣಿಯಲ್ಲಿ ತಿದ್ದಬೇಕಾದಾಗ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ನಮ್ಮ ಮುಗುಳುನಗೆಯೂ ಕಾಣದು, ಕೈಸನ್ನೆಯೂ ಕಾಣದು. ಪ್ರಶ್ನೆಯನ್ನು ಕೇಳಿ ವಾಕ್ಯದ ಕೊನೆಯನ್ನು ಮೆಲ್ಲಗೆ ಇಳಿಸಿ ಸುಮ್ಮನಾಗಬೇಕು. ಆ ಮೌನ ನಮಗೆ ಬಹು ದೀರ್ಘವಾಗಿ ತೋರುವುದು ನಿಜ. ಅತ್ತ ಕಡೆಯವರು ಆಗಷ್ಟೇ ಕಾಗದಗಳನ್ನು ತಿರುವಿ ತಮ್ಮ ತಪ್ಪನ್ನು ತಾವೇ ಹುಡುಕುತ್ತಿರುತ್ತಾರೆ.